ಮಿಡಿ ಬಂದಾಗ ಒಂದು ಕಾಗದ

ಅಪ್ಪೆಮಿಡಿ ಯಾರಿಗೂ ಕಾಯುವುದಿಲ್ಲ. ಉಪ್ಪಿನಕಾಯಿಗೆ ಹಾಕುವ ಈ ಪರಿಮಳದ ಎಳೆ ಮಾವಿನಕಾಯಿಯನ್ನು ಗೊರಟು ಬಲಿಯುವ ಮೊದಲೇ ಕೊಯ್ಯಬೇಕು. ತೊಟ್ಟು ಮುರಿಯಬಾರದು. ಕೊಯ್ದದ್ದನ್ನು ನೆಲಕ್ಕೆ ಬೀಳಿಸದೆ ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಬೇಕು. ಪೆಟ್ಟು ತಿಂದ ನಾಲ್ಕು ಮಿಡಿ ಉಪ್ಪಿನಲ್ಲಿ ಕೊಳೆತರೆ ಸಾಕು, ಇಡೀ ಭರಣಿ ಕೆಡುತ್ತದೆ. ಫೆಬ್ರವರಿಯಲ್ಲಿ ಶುರುವಾದರೆ ಏಪ್ರಿಲ್ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಆಮೇಲೆ ಮಳೆಗಾಲದಲ್ಲಿ ಫೋನ್ ಬರುತ್ತದೆ, "ಜೀರಿಗೆ ಮಿಡಿ ಉಪ್ಪಿನಕಾಯಿ ಇದೆಯಾ?" ಅಂತ. ಜೀರಿಗೆಯ ಪರಿಮಳ ಇರುವ ಅಪ್ಪೆಮಿಡಿಗೆ ಜೀರಿಗೆ ಮಿಡಿ ಅನ್ನುತ್ತಾರೆ.

ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಹಾಕುವುದು ಹೊಸದೇನಲ್ಲ. ಮಾರಲು ಶುರು ಮಾಡಿದ್ದು ಮಾತ್ರ 2016ರಲ್ಲಿ. ಮೊದಲ ವರ್ಷಗಳಲ್ಲಿ ಪ್ರತಿ ಸಲ ಇದೇ ಗೋಳು. ಬೇಕು ಅಂದವರಿಗೆ ಕೊಡಲು ಜೀರಿಗೆ ಮಿಡಿ ಇರುತ್ತಿರಲಿಲ್ಲ. ಅದೇ ಹೊತ್ತಿಗೆ ಬೇರೆ ಮರದ, ಅಷ್ಟೇ ಪರಿಮಳದ ಮಿಡಿಯ ಬಾಟಲಿಗಳು ಉಗ್ರಾಣದಲ್ಲಿ ಹಾಗೇ ಕೂತಿರುತ್ತಿದ್ದವು. ಅವು ಇವೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಹೇಳಬೇಕಾದ ಮಾತನ್ನು ಹೇಳಬೇಕಾದವರಿಗೆ ಸಮಯಕ್ಕೆ ಮುಟ್ಟಿಸಲು ನಮ್ಮ ಹತ್ತಿರ ದಾರಿಯೇ ಇರಲಿಲ್ಲ.

ಎಲ್ಲರಂತೆ ವಾಟ್ಸ್ಆ್ಯಪ್‌ನಲ್ಲೇ ಶುರು ಮಾಡಿದೆ. ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ ಮಾತ್ರ. ಅದರಲ್ಲೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ವರ್ಷಕ್ಕೊಮ್ಮೆ ಉಪ್ಪಿನಕಾಯಿ ತರಿಸುವವರು ನಮ್ಮ ನಂಬರ್ ಯಾಕೆ ಸೇವ್ ಮಾಡಿಕೊಳ್ಳುತ್ತಾರೆ? ಗ್ರೂಪ್ ಮಾಡಿದರೆ ಒಬ್ಬರು ಗುಡ್ ಮಾರ್ನಿಂಗ್ ಹಾಕುತ್ತಾರೆ, ಹತ್ತು ಜನ ಎದ್ದು ಹೋಗುತ್ತಾರೆ. ಸ್ಟೇಟಸ್ ಹಾಕಿದರೆ 24 ಗಂಟೆಗೆ ಮಾಯ. ಹೊರದೇಶದ ಗಿರಾಕಿಗಳು ಮೊದಲಿಂದಲೂ ಇಮೇಲ್‌ನಲ್ಲೇ ಕೇಳುತ್ತಿದ್ದರು. ಹಾಗಾದರೆ ಎಲ್ಲರಿಗೂ ಇಮೇಲ್‌ನಲ್ಲೇ ಹೇಳಿದರೆ ಹೇಗೆ ಅನ್ನಿಸಿತು.

ಮೊದಲ ಇಮೇಲ್ ಕಳಿಸಿದ್ದು 2019ರ ಬೇಸಿಗೆಯಲ್ಲಿ. ಅದನ್ನು ನೆನೆದರೆ ಈಗಲೂ ಮನಸ್ಸಿಗೆ ಕಷ್ಟವಾಗುತ್ತದೆ. ಆರ್ಡರ್ ಪುಸ್ತಕದಲ್ಲಿ ಇದ್ದ 180 ವಿಳಾಸಗಳನ್ನು ಒಂದೊಂದಾಗಿ ಟೈಪ್ ಮಾಡಿ, ಎಲ್ಲವನ್ನೂ ಸಿಸಿ ಜಾಗದಲ್ಲಿ ಹಾಕಿ ಕಳಿಸಿಬಿಟ್ಟೆ. ಬಿಸಿಸಿಯಲ್ಲಿ ಹಾಕಬೇಕು ಅನ್ನುವುದು ಗೊತ್ತಿರಲಿಲ್ಲ. ಒಬ್ಬೊಬ್ಬರ ವಿಳಾಸ ಉಳಿದ 179 ಜನಕ್ಕೆ ಕಂಡಿತು. ಅರ್ಧ ಗಂಟೆಯಲ್ಲಿ ಒಬ್ಬರು ಎಲ್ಲರಿಗೂ ಹೋಗುವ ಹಾಗೆ ಉತ್ತರ ಬರೆದರು: "ನನ್ನ ವಿಳಾಸ ಕೊಟ್ಟಿದ್ದು ಪಾರ್ಸೆಲ್ ಎಲ್ಲಿದೆ ಎಂದು ತಿಳಿಸಲಿಕ್ಕೆ. ಊರಿಗೆಲ್ಲ ಹಂಚಲಿಕ್ಕಲ್ಲ."

ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಎರಡು ದಿನ ಕೂತು 180 ಜನಕ್ಕೂ ಬೇರೆ ಬೇರೆಯಾಗಿ ಕ್ಷಮೆ ಕೇಳಿ ಬರೆದೆ. ಕೊನೆಗೆ ಒಂದು ಸಾಲು ಸೇರಿಸಿದೆ: "ಮುಂದಿನ ವರ್ಷ ಮಿಡಿ ಬಂದಾಗ ನಿಮಗೆ ತಿಳಿಸಬೇಕು ಅಂತಿದ್ದರೆ ಮಾತ್ರ 'ಬರೆಯಿರಿ' ಎಂದು ಉತ್ತರಿಸಿ. ಉತ್ತರ ಬಾರದಿದ್ದರೆ ನಿಮ್ಮ ವಿಳಾಸ ಅಳಿಸುತ್ತೇನೆ."

'ಬರೆಯಿರಿ' ಎಂದವರು 43 ಜನ. ಉಳಿದ 137 ವಿಳಾಸ ಅಳಿಸಿದೆ. ನಮ್ಮ ಪಟ್ಟಿ ನಿಜವಾಗಿ ಶುರುವಾಗಿದ್ದು ಆ 43 ಜನರಿಂದ. ನನ್ನನ್ನು ಗದರಿದವರೂ ಆ 43ರಲ್ಲಿ ಒಬ್ಬರು. ಈಗಲೂ ಇದ್ದಾರೆ.

ಆಮೇಲೆ ವಿಳಾಸ ಸೇರಿಸಿದ್ದೆಲ್ಲ ಕೇಳಿಯೇ. ಪ್ರತಿ ಪಾರ್ಸೆಲ್‌ನಲ್ಲಿ ಅಂಗೈ ಅಗಲದ ಒಂದು ಚೀಟಿ ಇಡುತ್ತೇವೆ. ಅದರ ಮೇಲೆ ಎರಡೇ ಸಾಲು: "ಮರ ಹೂ ಬಿಟ್ಟಾಗ, ಮಿಡಿ ಬಂದಾಗ, ಉಪ್ಪಿನಕಾಯಿ ಹದಕ್ಕೆ ಬಂದಾಗ ಕಾಗದ ಬರೆಯುತ್ತೇವೆ. ಬೇಕಿದ್ದರೆ ಇಲ್ಲಿ ಹೆಸರು ಕೊಡಿ." ಕೆಳಗೆ ಕ್ಯೂಆರ್ ಕೋಡ್. ಮೊದಲು ಆ ಚೀಟಿಯಲ್ಲಿ "ನ್ಯೂಸ್‌ಲೆಟರ್‌ಗೆ ಸಬ್‌ಸ್ಕ್ರೈಬ್ ಮಾಡಿ" ಎಂದು ಬರೆದಿದ್ದೆ. ಆಗ ಹೆಸರು ಕೊಟ್ಟವರು ಬೆರಳೆಣಿಕೆ. ಏನು ಬರುತ್ತದೆ, ಯಾವಾಗ ಬರುತ್ತದೆ ಎಂದು ಬಿಡಿಸಿ ಬರೆದ ಮೇಲೆ ಹತ್ತು ಪಾರ್ಸೆಲ್‌ಗೆ ಮೂರು ಜನ ಹೆಸರು ಕೊಡತೊಡಗಿದರು. ನಮ್ಮ ಕಡೆ ಅಜ್ಜಿಯಂದಿರು ಪತ್ರಕ್ಕೆ ಕಾಗದ ಅಂತಲೇ ಹೇಳುವುದು. ಆ ಒಂದು ಮಾತೂ ಕೆಲಸ ಮಾಡಿರಬೇಕು.

ಮೇಳಗಳಿಗೆ ಹೋದಾಗ ಮೇಜಿನ ಮೇಲೆ ನೋಟ್‌ಬುಕ್ ಇಡುತ್ತಿದ್ದೆವು. ಅದರಲ್ಲಿ ಬೇರೆ ತೊಂದರೆ. ಅವಸರದ ಕೈಬರಹದಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಇಮೇಲ್ ವಾಪಸ್ ಬರುತ್ತದೆ, ಇಲ್ಲವೇ ಬೇರೆ ಯಾರಿಗೋ ಹೋಗುತ್ತದೆ. ಈಗ ಯಾರು ಹೆಸರು ಕೊಟ್ಟರೂ ಮೊದಲು ಒಂದು ಚಿಕ್ಕ ಇಮೇಲ್ ಹೋಗುತ್ತದೆ. "ಇದು ನೀವೇ ತಾನೇ? ಹೌದಾದರೆ ಇಲ್ಲಿ ಒತ್ತಿ." ಒತ್ತಿದವರಿಗೆ ಮಾತ್ರ ಕಾಗದ. ಹೀಗೆ ಮಾಡಿದರೆ ಕೆಲವರು ನಡುದಾರಿಯಲ್ಲೇ ಬಿಟ್ಟುಹೋಗುತ್ತಾರೆ, ನಿಜ. ಆದರೆ ಉಳಿದವರ ಬಗ್ಗೆ ಅನುಮಾನ ಇರುವುದಿಲ್ಲ.

ಒಮ್ಮೆ ಒಬ್ಬರು ಫೋನ್ ಮಾಡಿ 50,000 ಇಮೇಲ್ ವಿಳಾಸ ಕೊಡುತ್ತೇನೆ, ಇಷ್ಟು ದುಡ್ಡು ಎಂದರು. ಬೇಡ ಎಂದೆ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯಲ್ಲೂ ಒಪ್ಪಿಗೆಯೇ ಮುಖ್ಯ. ಯಾತಕ್ಕಾಗಿ ಎಂದು ಹೇಳಿ ಒಪ್ಪಿಗೆ ಪಡೆಯಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂದೆ ತೆಗೆದುಕೊಳ್ಳಲು ಬಿಡಬೇಕು. ನಮಗೆ ಮಾತ್ರ ಆ 180 ಜನರ ಪಾಠ ಕಾಯ್ದೆಗಿಂತ ಮೊದಲೇ ಆಗಿತ್ತು.

ಇನ್ನು ಏನು ಬರೆಯುವುದು ಅನ್ನುವ ಪ್ರಶ್ನೆ. ಮೊದಲ ಒಂದು ವರ್ಷ ನಾನು ಬರೆದದ್ದೆಲ್ಲ ಜಾಹೀರಾತು. ಮೂರು ಬಾಟಲಿಗೆ ಇಷ್ಟು ರಿಯಾಯಿತಿ, ಹಬ್ಬದ ಕೊಡುಗೆ, ಇಂದೇ ಕೊನೆಯ ದಿನ. ದೊಡ್ಡ ಕಂಪನಿಗಳ ಇಮೇಲ್ ನೋಡಿ ಹಾಗೇ ಮಾಡಬೇಕು ಅಂದುಕೊಂಡಿದ್ದೆ. ಯಾರೂ ಉತ್ತರ ಬರೆಯಲಿಲ್ಲ. ಆರ್ಡರ್ ಒಂದೆರಡು ಬಂದವು. ವಾರಕ್ಕೊಂದು ಕಳಿಸಿ ನೋಡಿದೆ. ಪ್ರತಿ ವಾರವೂ ಮೂರು ನಾಲ್ಕು ಜನ ಹೆಸರು ತೆಗೆಸಿಕೊಂಡರು.

ಒಂದು ವರ್ಷ ಹೂವಿನ ಕಾಲದಲ್ಲಿ ಮೋಡ ಕವಿದು ಮಳೆ ಬಂತು. ಹೂ ಕಪ್ಪಾಗಿ ಉದುರಿತು. ಇಷ್ಟರ ಮೇಲೆ ಕಾಡುಮಾವು ಒಂದು ವರ್ಷ ಬಿಟ್ಟ ಹಾಗೆ ಮುಂದಿನ ವರ್ಷ ಬಿಡುವುದಿಲ್ಲ. ನಾವು ನಂಬಿದ್ದ ಏಳು ಮರಗಳಲ್ಲಿ ಎರಡರಲ್ಲಿ ಮಾತ್ರ ಮಿಡಿ. ಕೊಡುಗೆ ಅಂತ ಬರೆಯಲು ಏನೂ ಇರಲಿಲ್ಲ. ರಾತ್ರಿ ಕೂತು, ಅಮ್ಮನಿಗೆ ಹೇಳುವ ಹಾಗೆ, ಆದದ್ದು ಬರೆದೆ. ವಿಷಯದ ಸಾಲು: "ಈ ವರ್ಷ ಮಿಡಿ ಕಮ್ಮಿ". ಕಾಗದ ಶುರುವಾಗಿದ್ದು ಹೀಗೆ:

"ಇವತ್ತು ಬೆಳಿಗ್ಗೆ ಹೊಳೆದಂಡೆಯ ಮರದ ಕೆಳಗೆ ನಿಂತಾಗ ಕಾಲಡಿ ಎಲ್ಲ ಕಪ್ಪು ಹೂ. ಮರ ಹತ್ತುವವರು ಮೇಲೆ ಹೋಗಿ ನೋಡಿ, 'ಅಕ್ಕಾ, ಬುಟ್ಟಿ ತುಂಬಲ್ಲ' ಎಂದರು. ಅರ್ಧ ಬುಟ್ಟಿ ಇಳಿಸಿದರು. ಒಂದು ಮಿಡಿಯ ತೊಟ್ಟು ಮುರಿದು ಸೊನೆ ಕೈಗೆ ತಾಗಿತು. ಮನೆಗೆ ಬಂದು ಕೈ ತೊಳೆದ ಮೇಲೂ ಪರಿಮಳ ಹೋಗಲಿಲ್ಲ. ಇರುವುದು ಇಷ್ಟೇ. ಕಳೆದ ವರ್ಷ ತೆಗೆದುಕೊಂಡವರಿಗೆ ಮನೆಗೊಂದು ಬಾಟಲಿಯಂತೆ ಕೊಡುತ್ತೇನೆ."

ಮಾರನೆಯ ದಿನ ಬೆಳಿಗ್ಗೆ ನೋಡಿದರೆ 26 ಉತ್ತರ. ಆಗ ಪಟ್ಟಿಯಲ್ಲಿ ಇದ್ದವರೇ 300 ಚಿಲ್ಲರೆ ಜನ. ಒಬ್ಬರು ತಮ್ಮ ಬಾಟಲಿಯನ್ನು ಬಾಣಂತಿ ಇರುವ ಮನೆಗೆ ಕೊಡಿ ಎಂದು ಬರೆದಿದ್ದರು. ಇನ್ನೊಬ್ಬರು, "ಸೊನೆ ಅಂದ ಕೂಡಲೇ ನಮ್ಮ ಅಜ್ಜಿಯ ಅಪ್ಪೆಹುಳಿ ನೆನಪಾಯಿತು, ಮಾಡುವ ಕ್ರಮ ಬರೆಯಿರಿ" ಎಂದರು. ನಾನು ಅಡುಗೆಮನೆಯಲ್ಲಿ ನಿಂತೇ ಅಷ್ಟನ್ನೂ ಓದಿದೆ. ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಗಿತ್ತು.

ಅಂದಿನಿಂದ ಹಾಗೇ ಬರೆಯುತ್ತಿದ್ದೇನೆ. ವರ್ಷಕ್ಕೆ ಎಂಟು ಕಾಗದ. ಹೂ ಬಿಟ್ಟಾಗ ಒಂದು. ಕೊಯ್ಲಿಗೆ ಎರಡು. ಉಪ್ಪಿಗೆ ಹಾಕಿದಾಗ ಒಂದು. ನಮ್ಮಲ್ಲಿ ಕೆಜಿ ಮಿಡಿಗೆ ಕಾಲು ಕೆಜಿ ಕಲ್ಲುಪ್ಪು. ಮಿಡಿ ನೀರು ಬಿಟ್ಟು ಚಿರುಟುವವರೆಗೆ ದಿನವೂ ಕೆಳಗೆ ಮೇಲೆ ಮಾಡಬೇಕು. ಸಾಸಿವೆ ಮೆಣಸು ಅರೆದು ಖಾರ ಬೆರೆಸುವಾಗ ಇನ್ನೊಂದು. ಹೀಗೆ ಕೆಲಸ ನಡೆದ ಹಾಗೆ ಕಾಗದ. ಬರೆಯಲು ಏನೂ ಇಲ್ಲದಿದ್ದರೆ ಸುಮ್ನೆ ಬರೆಯುವುದಿಲ್ಲ. ಬೆಲೆ, ಎಷ್ಟು ಬಾಟಲಿ ಇದೆ, ಎಲ್ಲಿ ಆರ್ಡರ್ ಮಾಡಬೇಕು ಎಲ್ಲ ಇರುತ್ತದೆ, ಆದರೆ ಕೊನೆಯಲ್ಲಿ ಒಂದೇ ಕಡೆ.

ಪ್ರತಿ ಕಾಗದದ ಕೊನೆಗೆ ಒಂದು ಪ್ರಶ್ನೆ ಕೇಳುತ್ತೇನೆ. ಇದು ಆ 26 ಉತ್ತರಗಳಿಂದ ಕಲಿತದ್ದು. "ಕಾಗದ ಹೇಗಿತ್ತು?" ಅಂತ ಕೇಳಿದರೆ ಯಾರೂ ಬರೆಯುವುದಿಲ್ಲ. "ನಿಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿಗೆ ಕೈ ಹಾಕುವ ಅಧಿಕಾರ ಯಾರಿಗಿತ್ತು?" ಅಂತ ಕೇಳಿದೆ ನೋಡಿ, 60ಕ್ಕೂ ಜಾಸ್ತಿ ಉತ್ತರ. ಮಡಿ ಬಟ್ಟೆ ಕಟ್ಟಿದ ಭರಣಿ, ಒದ್ದೆ ಚಮಚ ಹಾಕಿ ಬೈಸಿಕೊಂಡದ್ದು, ಹಾಸ್ಟೆಲ್‌ಗೆ ಹೊರಟ ಮಗನ ಚೀಲಕ್ಕೆ ಅಪ್ಪ ಕದ್ದು ಇಟ್ಟ ಪುಟ್ಟ ಬಾಟಲಿ. ಕೇಳಿ ಅನುಮತಿ ಪಡೆದು, ಹೆಸರು ಹಾಕದೆ, ಕೆಲವನ್ನು ಮುಂದಿನ ಕಾಗದದಲ್ಲಿ ಸೇರಿಸಿದೆ. ಒಬ್ಬರ ಮಾತು ಓದಿ ಇನ್ನೊಬ್ಬರು ಬರೆದರು. ಬಂದ ಪ್ರತಿಯೊಂದಕ್ಕೂ ನಾನೇ ಉತ್ತರ ಬರೆಯುತ್ತೇನೆ. ಎರಡೇ ಸಾಲಾದರೂ ಸರಿ. ಮಧ್ಯಾಹ್ನ ಊಟ ಆದ ಮೇಲಿನ ಒಂದು ಗಂಟೆ ಅದಕ್ಕೇ ಮೀಸಲು.

ಉತ್ತರಗಳಲ್ಲಿ ಒಂದು ನನ್ನಲ್ಲಿ ಹಾಗೇ ಉಳಿದಿದೆ. ಬರೆದವರು ವಯಸ್ಸಾದವರು, ದೂರದ ಊರಲ್ಲಿ ಮಗಳ ಮನೆಯಲ್ಲಿ ಇರುವವರು. ಅವರ ಮನೆ ಶರಾವತಿ ಕಣಿವೆಯಲ್ಲಿತ್ತಂತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಆ ಭಾಗದ ಎಷ್ಟೋ ಊರುಗಳು ಮುಳುಗಿದ ಹಾಗೆ ಅವರ ಊರೂ ಮುಳುಗಿತು. ಮನೆಯ ಹಿಂದೆ ಒಂದು ಅಪ್ಪೆಮರ. ಬಿಟ್ಟು ಹೊರಡುವ ವರ್ಷ ಅವರ ತಾಯಿ ಆ ಮರದ ಮಿಡಿಯನ್ನು ಉಪ್ಪಿಗೆ ಹಾಕಿ, ಭರಣಿಯನ್ನು ಗಾಡಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರಂತೆ. "ಆ ರುಚಿ ಬೇಕು ಅಂತ ಕೇಳುತ್ತಿಲ್ಲ. ಅಂಥ ಮರ ಈಗಲೂ ಇದೆ ಅಂತ ನೀವು ಬರೆಯುತ್ತೀರಲ್ಲ, ಅದು ಸಾಕು" ಎಂದು ಬರೆದಿದ್ದರು. ಅವರಿಗೆ ಉತ್ತರ ಬರೆಯಲು ನನಗೆ ನಾಲ್ಕು ದಿನ ಬೇಕಾಯಿತು. ಹೊಳೆದಂಡೆಯ ಮರಗಳು ಕಡಿಮೆಯಾಗುತ್ತಿರುವುದು ನಮ್ಮ ಕಣ್ಣೆದುರಿನ ಮಾತು. ಅಪ್ಪೆಮಿಡಿಗೆ ಜಿಐ ಟ್ಯಾಗ್, ಅಂದರೆ ಇದು ಈ ಭಾಗದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು ಇದೆ, ಆದರೆ ಮರ ಕಡಿಯುವಾಗ ಅದನ್ನು ಯಾರು ನೋಡುತ್ತಾರೆ? ಆ ವರ್ಷದಿಂದ ಮಳೆಗಾಲದ ಕಾಗದದಲ್ಲಿ ಎಷ್ಟು ಕಸಿ ಗಿಡ ನೆಟ್ಟೆವು ಎಂದೂ ಬರೆಯುತ್ತಿದ್ದೇನೆ.

ಬರೆಯುವುದು ಒಂದು ಕಡೆಯಾದರೆ, ಬರೆದದ್ದು ಮುಟ್ಟುವುದು ಇನ್ನೊಂದು ಕಡೆ. ಇದರ ತಾಂತ್ರಿಕ ಕೆಲಸ ಅಣ್ಣನ ಮಗ ಮಾಡಿಕೊಟ್ಟ. ಮೊದಲು ಉಚಿತ ಜಿಮೇಲ್ ವಿಳಾಸವನ್ನೇ ಕಳಿಸುವವರ ಜಾಗದಲ್ಲಿ ಹಾಕಿ, ಬೇರೆ ಕಂಪನಿಯ ಸೇವೆಯಿಂದ ಕಳಿಸುತ್ತಿದ್ದೆವು. ಅರ್ಧಕ್ಕರ್ಧ ಸ್ಪ್ಯಾಮ್‌ಗೆ ಹೋಗುತ್ತಿತ್ತು. ಸ್ವಂತ ಡೊಮೇನ್, ಅಂದರೆ ನಮ್ಮದೇ ಹೆಸರಿನ ಇಂಟರ್ನೆಟ್ ವಿಳಾಸ ತೆಗೆದುಕೊಂಡೆವು. ಅದಕ್ಕೆ ಮೂರು ದಾಖಲೆ ಸೇರಿಸಬೇಕು: ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್. ಅವನು ನನಗೆ ಹೇಳಿಕೊಟ್ಟದ್ದು ಹೀಗೆ. ನಮ್ಮ ಹೆಸರಲ್ಲಿ ಕಾಗದ ಹಾಕಲು ಯಾವ ಅಂಚೆಯವರಿಗೆ ಹಕ್ಕಿದೆ ಅನ್ನುವ ಪಟ್ಟಿ ಎಸ್‌ಪಿಎಫ್. ಲಕೋಟೆಗೆ ಒತ್ತಿದ ಅರಗಿನ ಮುದ್ರೆ ಡಿಕೆಐಎಂ. ಪಟ್ಟಿ, ಮುದ್ರೆ ಹೊಂದದೆ ಇದ್ದರೆ ಆ ಕಾಗದವನ್ನು ಏನು ಮಾಡಬೇಕು ಎಂದು ನಾವೇ ಹೇಳಿಟ್ಟದ್ದು ಡಿಮಾರ್ಕ್. ಒಂದು ಮಧ್ಯಾಹ್ನದ ಕೆಲಸ, ಅಷ್ಟೆ.

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾದವು. ಜಿಮೇಲ್‌ಗೆ ದಿನಕ್ಕೆ 5,000 ಅಥವಾ ಅದಕ್ಕಿಂತ ಜಾಸ್ತಿ ಕಳಿಸುವವರಿಗೆ ಮೂರೂ ಕಡ್ಡಾಯ. ನಮ್ಮಂಥ ಸಣ್ಣವರಿಗೂ ಮೊದಲೆರಡರಲ್ಲಿ ಒಂದಾದರೂ ಬೇಕು. ಸ್ಪ್ಯಾಮ್ ಎಂದು ದೂರು ಕೊಟ್ಟವರ ಲೆಕ್ಕ ಶೇ. 0.3 ಮುಟ್ಟಬಾರದು. ಅಂದರೆ ಸಾವಿರ ಜನರಲ್ಲಿ ಮೂವರು. ಮೂರೇ ಜನ! ಹಾಗಾಗಿ ಬೇಡ ಅನ್ನುವವರಿಗೆ ಬಿಟ್ಟುಹೋಗುವ ದಾರಿ ಕಾಣುವ ಹಾಗೆ ಇರಬೇಕು. ಅದು ಸಿಗದೆ ಹೋದರೆ ಅವರು ಸ್ಪ್ಯಾಮ್ ಗುಂಡಿಯನ್ನೇ ಒತ್ತುತ್ತಾರೆ.

ನಮಗೆ ಇದು ಅನುಭವಕ್ಕೆ ಬಂತು. ಒಂದು ಸಲ ಉದ್ದನೆಯ ಕಾಗದವನ್ನು ವರ್ಡ್‌ನಲ್ಲಿ ಬರೆದು ಹಾಗೇ ಅಂಟಿಸಿದೆ. ಜಿಮೇಲ್ ಸುಮಾರು 102 ಕೆಬಿಗಿಂತ ದೊಡ್ಡ ಇಮೇಲ್ ಬಂದರೆ ಕೆಳಭಾಗವನ್ನು ಮಡಚಿಬಿಡುತ್ತದೆ. ವರ್ಡ್‌ನಿಂದ ಬರುವಾಗ ಕಣ್ಣಿಗೆ ಕಾಣದ ಕೋಡ್ ರಾಶಿ ಬಂದಿತ್ತು. ಅದರ ಮೇಲೆ ಕನ್ನಡ. ಕಂಪ್ಯೂಟರ್ ಜಾಗವನ್ನು ಅಳೆಯುವುದು ಬೈಟ್‌ನಲ್ಲಿ, ಸುಮಾರು ಸಾವಿರ ಬೈಟ್ ಸೇರಿದರೆ ಒಂದು ಕೆಬಿ. ಇಂಗ್ಲಿಷ್‌ನ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡದಲ್ಲಿ ಒಂದೊಂದು ಚಿಹ್ನೆಗೂ ಮೂರು ಬೈಟ್. ಒತ್ತಕ್ಷರ, ಗುಣಿತದ ಗುರುತು ಎಲ್ಲ ಬೇರೆ ಬೇರೆ ಲೆಕ್ಕ. 'ಅಪ್ಪೆಮಿಡಿ' ಎಂದು ಬರೆದರೆ ಅದೊಂದೇ 27 ಬೈಟ್. ಇಂಗ್ಲಿಷ್ ಅಕ್ಷರದಲ್ಲಾದರೆ ಎಂಟು. ಕಾಗದ ಮಡಚಿಹೋಯಿತು, ಕೆಳಗಿದ್ದ 'ಹೆಸರು ತೆಗೆಯಿರಿ' ಅನ್ನುವ ಸಾಲೂ ಅದರ ಜೊತೆ ಹೋಯಿತು. ಆ ಸಲ ನಾಲ್ಕು ಸ್ಪ್ಯಾಮ್ ದೂರು. ಈಗ ಸಾದಾ ಪಠ್ಯವಾಗಿಯೇ ಅಂಟಿಸುತ್ತೇನೆ, ಒಂದೇ ಫೋಟೊ ಹಾಕುತ್ತೇನೆ, ಬಿಟ್ಟುಹೋಗುವ ಸಾಲನ್ನು ಮೇಲೂ ಒಂದು ಕಡೆ ಇಟ್ಟಿದ್ದೇನೆ.

ಎಷ್ಟು ಜನ ತೆರೆದರು ಅನ್ನುವ ಅಂಕಿಯ ಹಿಂದೆ ತುಂಬಾ ದಿನ ಓಡಿದೆ. ಒಂದು ಹಂತದಲ್ಲಿ ಅದು ಏಕಾಏಕಿ ಏರಿತು, ಖುಷಿಪಟ್ಟೆ. ಆಮೇಲೆ ಗೊತ್ತಾಯಿತು. 2021ರ ಕೊನೆಯಿಂದ ಆ್ಯಪಲ್ ಫೋನಿನ ಮೇಲ್ ಆ್ಯಪ್, ಓದುಗರು ತೆರೆಯದಿದ್ದರೂ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳಬಹುದು. ಎಷ್ಟು ಜನ ತೆರೆದರು ಎಂದು ಲೆಕ್ಕ ಹಿಡಿಯಲು ಇಮೇಲ್‌ನಲ್ಲಿ ಸೇರಿಸಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರವೂ ಇಳಿಯುತ್ತದೆ, ತೆರೆದ ಹಾಗೆ ದಾಖಲಾಗುತ್ತದೆ. ಈಗ ನಾನು ನೋಡುವುದು ಉತ್ತರ ಎಷ್ಟು, ಕೊಂಡಿ ಒತ್ತಿದವರು ಎಷ್ಟು, ಬಾಟಲಿ ಎಷ್ಟು ಅಂತ.

ಇನ್ನೊಂದು ಸಂಗತಿ ನಾನು ಯೋಚಿಸಿಯೇ ಇರಲಿಲ್ಲ. ಹೊರದೇಶದಲ್ಲಿ ಇರುವ ಒಬ್ಬ ತಾಯಿ ಬರೆದರು: "ನನ್ನ ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಿಮ್ಮ ಕಾಗದ ನಾನು ಓದಿ ಹೇಳುತ್ತೇನೆ. ಬೇಗ ಬೇಗ ಓದು ಅಂತ ಅವಳ ಹಟ." ಇಂಗ್ಲಿಷ್‌ನಲ್ಲೂ ಕಳಿಸೋಣ ಎಂದು ಮನೆಯಲ್ಲಿ ಮಾತಾಯಿತು. ನನಗೆ ಒಪ್ಪಿಗೆಯಾಗಲಿಲ್ಲ. ಆ ಮಗುವಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಅಲ್ವಾ? ಹಾಗಾಗಿ ಕಾಗದವನ್ನು ನಾನೇ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಂಡಿ ಹಾಕಿದೆ. ಆರು ನಿಮಿಷ. ಹಿಂದೆ ಮಳೆಯ ಸದ್ದು, ಒರಳಿನ ಸದ್ದು ಎಲ್ಲ ಸೇರಿದೆ. ಅದನ್ನು ತೆಗೆದು ಚೊಕ್ಕ ಮಾಡಿಕೊಡುತ್ತೇನೆ ಎಂದ ಅಣ್ಣನ ಮಗ. ಬೇಡ ಎಂದೆ. ನಮ್ಮ ಕಾಗದಗಳಲ್ಲಿ ಈಗ ಜಾಸ್ತಿ ಜನ ಒತ್ತುವುದು ಆ ಕೊಂಡಿಯನ್ನೇ. ಕಣ್ಣು ಮಂಜಾದ ಹಿರಿಯರೂ ಅದನ್ನೇ ಕೇಳುತ್ತಾರೆ ಅಂತ ಆಮೇಲೆ ತಿಳಿಯಿತು.

ವರ್ಷಕ್ಕೊಮ್ಮೆ, ಉಪ್ಪಿನಕಾಯಿ ಕೆಲಸ ಮುಗಿದ ಮೇಲೆ, ಪಟ್ಟಿ ಸೋಸುತ್ತೇನೆ. ವರ್ಷವಿಡೀ ಉತ್ತರ, ಕೊಂಡಿ ಒತ್ತಿದ್ದು, ಆರ್ಡರ್ ಯಾವುದೂ ಇಲ್ಲದವರಿಗೆ ಒಂದು ಕಾಗದ: "ಇನ್ನೂ ಬರೆಯಲಾ?" ಎರಡು ವಾರ ಕಾದು, ಉತ್ತರ ಬಾರದವರ ಹೆಸರು ತೆಗೆಯುತ್ತೇನೆ. ಮೊದಲ ಸಲ 212 ಹೆಸರು ಹೋಯಿತು. ಕಷ್ಟಪಟ್ಟು ಸೇರಿಸಿದ್ದಲ್ವಾ, ಕೈ ಬರಲಿಲ್ಲ. ಆದರೆ ಕಳಿಸುವ ಸೇವೆಗೆ ತಲೆ ಲೆಕ್ಕದಲ್ಲಿ ದುಡ್ಡು ಕೊಡಬೇಕು, ಅದು ಇಳಿಯಿತು. ಆ ವರ್ಷ ಮಾರಾಟ ಒಂದು ಬಾಟಲಿಯೂ ಕಡಿಮೆಯಾಗಲಿಲ್ಲ.

ಈಗ ಪಟ್ಟಿಯಲ್ಲಿ 1,100 ಜನ ಇದ್ದಾರೆ. ಏಳು ವರ್ಷಕ್ಕೆ ಇಷ್ಟೇನಾ ಎಂದು ಕೇಳುವವರಿದ್ದಾರೆ. ನಮ್ಮ ಮನೆಯಲ್ಲಿ ಆಗುವುದೇ ವರ್ಷಕ್ಕೆ ಎರಡೂವರೆ ಸಾವಿರ ಬಾಟಲಿ. ಅದರಲ್ಲಿ ಮುಕ್ಕಾಲು ಪಾಲು ಈ ಜನರೇ ತೆಗೆದುಕೊಳ್ಳುತ್ತಾರೆ. ಹೂವಿನ ಕಾಗದದಲ್ಲೇ "ನಿಮಗೆ ಎಷ್ಟು ಬೇಕಾಗಬಹುದು?" ಎಂದು ಕೇಳುತ್ತೇನೆ. ದುಡ್ಡು ಕೇಳುವುದಿಲ್ಲ, ಅಂದಾಜು ಮಾತ್ರ. ಆ ಅಂದಾಜು ಹಿಡಿದು ಮರದವರಿಗೆ, ಹತ್ತುವವರಿಗೆ ಮುಂಗಡ ಕೊಡುತ್ತೇವೆ. ಮೊದಲು ರಿಪ್ಪನ್‌ಪೇಟೆ ಸಂತೆಯಲ್ಲಿ ಅವತ್ತಿನ ರೇಟಿಗೆ ಸಿಕ್ಕಿದ್ದನ್ನು ತರುತ್ತಿದ್ದೆವು. ಈಗ ಯಾವ ಮರದ್ದು, ಯಾರು ಕೊಯ್ದದ್ದು ಎಂದು ಗೊತ್ತು. ಬಾಟಲಿಯ ಮೇಲೆ ಮರದ ಗುರುತು ಬರೆಯುತ್ತೇವೆ. ಮುಂಗಡ ಸಿಕ್ಕ ಮೇಲೆ ಒಬ್ಬರು ಕಡಿಯಬೇಕು ಅಂದುಕೊಂಡಿದ್ದ ಮರವನ್ನು ಉಳಿಸಿಕೊಂಡಿದ್ದಾರೆ. ಆ ಮರದ ಫೋಟೊ ಕಳೆದ ವರ್ಷದ ಕೊನೆಯ ಕಾಗದದಲ್ಲಿ ಹೋಯಿತು.

ಈ ವರ್ಷದ ಹೂವಿನ ಕಾಗದ ಮೊನ್ನೆ ಕಳಿಸಿದೆ. ಹೂ ಚೆನ್ನಾಗಿದೆ, ಸದ್ಯಕ್ಕೆ ಮೋಡ ಇಲ್ಲ. 71 ಉತ್ತರ ಬಂದಿವೆ, 40ಕ್ಕೆ ಬರೆದಾಯಿತು. ಮಗಳ ಮನೆಯಲ್ಲಿರುವ ಆ ಹಿರಿಯರು ಈ ಸಲ ಒಂದೇ ಸಾಲು ಬರೆದಿದ್ದಾರೆ: "ಎರಡು ಬಾಟಲಿ. ಹೊಳೆದಂಡೆಯ ಮರದ್ದೇ ಆಗಲಿ." ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಹಾಗೇ ಬರೆದಿಟ್ಟಿದ್ದೇನೆ.